ಮಂಕು ಬಡಿದ ಠಾಣೆಯ ಸಂದರ್ಶನ

‘ಡೀಪ್ ಸ್ಪೇಸ್ ನೈನ್’ ಟೀವಿ ಸರಣಿಯ ಬಾಹ್ಯಾಕಾಶ ಠಾಣೆ ಸಂದರ್ಶನಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಫೋಟೊ ತೆಗೆಯಬಾರದು. ಮನೆಮನೆಯಲ್ಲೂ ಫೋರ್-ಕೆ ಟೀವಿ ಇರುವ ಈ ಕಾಲದಲ್ಲೂ ತನ್ನನ್ನು ಹಳೇ ವಿಡಿಯೊ ಟೇಪಿನ ಮಂಜಿನಲ್ಲೇ ತೋರಿಸುತ್ತಿದ್ದಾರೆಂದು ಅದಕ್ಕೆ ನಾಚಿಕೆ. ಅಂಕಣಕಾರರು ಕ್ಯಾಮೆರಾ ಒಳಗಿಟ್ಟು ಕ್ವಾರ್ಕ್‌ನ ಬಾರಿನಲ್ಲಿ ಕೂತರು. ಪಕ್ಕದ ಸ್ಟೂಲಿನಲ್ಲಿ ಮಾರ್ನ್ ಇದ್ದ. ಏಳು ಸೀಸನ್ ಬಾರಿನಲ್ಲೇ ಕಳೆದರೂ ತೆರೆಯ ಮೇಲೆ ತುಟಿ ಬಿಚ್ಚದ ಗಿರಾಕಿ. ಸಂದರ್ಶನಕ್ಕೆ ಇಂಥವರೇ ಸಿಕ್ಕಿದ್ದರೆ ಚೆನ್ನಾಗಿತ್ತು.

“ಕಾರ್ಡ್ಯಾಸಿಯನ್ ಎಂಬ ಅನ್ಯಗ್ರಹದವರು ಅದಿರು ಸಂಸ್ಕರಿಸಲು ಕಟ್ಟಿಸಿದ ಠಾಣೆ ನೀವು. ದೂರದ ಬಾಹ್ಯಾಕಾಶಕ್ಕೆ ಒಳದಾರಿಯಾದ ವರ್ಮ್‌ಹೋಲ್ ಪತ್ತೆಯಾದ ಮೇಲೆ ಅದರ ಬಾಯಿಗೇ ಎಳೆದು ತಂದು ನಿಲ್ಲಿಸಿದರು. ವ್ಯಾಪಾರ ಹೇಗಿದೆ?”

“ಅದು ಹಾಗಿರಲಿ. ಆ ಇನ್ನೊಂದು ಸರಣಿ, ಬ್ಯಾಬಿಲಾನ್ 5, ಅದರ ವಿಷಯ ಬರೆದುಕೊಳ್ಳಿ.”

ಶುರುವಾಯಿತು. ಸ್ಟ್ರಾಜಿನ್ಸ್ಕಿ ಎಂಬ ಬರಹಗಾರರು ಬ್ಯಾಬಿಲಾನ್ 5 ಎಂಬ ಬಾಹ್ಯಾಕಾಶ ಠಾಣೆಯ ಕತೆಯನ್ನು 1989ರಲ್ಲಿ ಪ್ಯಾರಾಮೌಂಟ್‌ಗೆ ಒಯ್ದಿದ್ದರಂತೆ. ಅಲ್ಲಿ ಆಗಲಿಲ್ಲ. ಆಮೇಲೆ ಅದೇ ಪ್ಯಾರಾಮೌಂಟ್‌ನಿಂದ ಈ ಠಾಣೆ ಬಂತು. “ತೆರೆಗೆ ಬಂದದ್ದು ಯಾರು ಮೊದಲು? 1993ರ ಜನವರಿಯಲ್ಲಿ ನಾನು! ಅವರ ಪೈಲಟ್ ಫೆಬ್ರವರಿಯಲ್ಲಿ. ಆದರೂ ಮೂವತ್ತು ವರ್ಷದಿಂದ ನಕಲಿ ಅನ್ನಿಸಿಕೊಳ್ಳುತ್ತಿದ್ದೇನೆ.”

“ಬಜೋರ್ ಗ್ರಹದವರನ್ನು ಜೀತಕ್ಕೆ ಹಚ್ಚಿ ನಿಮ್ಮನ್ನು ಕಟ್ಟಿಸಿದರಲ್ಲ...”

“ಹೂಂ, ಪಾಪ. ಬ್ಯಾಬಿಲಾನ್‌ಗೆ ಬರೋಣ.”

“ಇದೇ ಬಾರಿನಲ್ಲಿ ಕ್ವಾರ್ಕ್‌ನ ತಮ್ಮ ರೋಮ್ ಯೂನಿಯನ್ ಕಟ್ಟಿ, ಸಂಬಳದ ರಜೆಗಾಗಿ ಅಣ್ಣನ ವಿರುದ್ಧವೇ ಮುಷ್ಕರ ಹೂಡಿದ್ದ...”

“ಬ್ಯಾಬಿಲಾನ್!”

ಅಂಕಣಕಾರರಿಗೂ ಒಂದು ಗೀಳಿದೆ, ಓದುಗರಿಗೆ ಗೊತ್ತು. ಹೆಣ್ಣು ನೋಡಲು ಹೋದರೂ ಫಿಲ್ಮ್ ನೆಗೆಟಿವ್ ಎಲ್ಲಿಟ್ಟಿದ್ದೀರಿ ಎಂದು ಕೇಳುವ ಜಾತಿ. 1934ರ ‘ಸತಿ ಸುಲೋಚನ’, ಕನ್ನಡದ ಮೊದಲ ವಾಕ್ಚಿತ್ರ, ಅದರ ಒಂದು ಪ್ರತಿಯೂ ಉಳಿದಿಲ್ಲ ಎಂಬಲ್ಲಿಂದ ಹಿಡಿದು ಮಾತು ಹದಿನೈದು ನಿಮಿಷ ಓಡಿತು. ಠಾಣೆ ಆಕಳಿಸಿತು. “ಸ್ವಾಮಿ, ಸಂದರ್ಶನ ಯಾರದು?”

“ನಿಮ್ಮದೇ. ನಿಮ್ಮ ನೆಗೆಟಿವ್ ಎಲ್ಲಿದೆ?”

ಆಗ ಠಾಣೆ ಬ್ಯಾಬಿಲಾನ್ ಮರೆತಿತು.

“ನನ್ನನ್ನು ಚಿತ್ರಿಸಿದ್ದು 35 ಎಂಎಂ ಫಿಲ್ಮಿನಲ್ಲಿ. ಮುಖದ ಒಂದೊಂದು ಗೆರೆಯೂ ಅದರಲ್ಲಿದೆ. ಆದರೆ ಸಂಕಲನ, ಎಫೆಕ್ಟು ಎಲ್ಲ ಮುಗಿಸಿದ್ದು ವಿಡಿಯೊದಲ್ಲಿ. ಸ್ಪಷ್ಟ ಮಾಡಬೇಕೆಂದರೆ ಪ್ರತಿ ತುಣುಕು ಹುಡುಕಿ, ಸ್ಕ್ಯಾನ್ ಮಾಡಿ, ಮತ್ತೆ ಜೋಡಿಸಿ, ಯುದ್ಧದ ದೃಶ್ಯಗಳನ್ನು ಹೊಸದಾಗಿ ಮಾಡಬೇಕು. ನನಗಿಂತ ಮುಂಚಿನ ಸರಣಿ ನೆಕ್ಸ್ಟ್ ಜನರೇಷನ್‌ಗೆ ಏಳೂ ಸೀಸನ್ ಇದನ್ನೆಲ್ಲ ಮಾಡಿದರು. ಅದರ ಬ್ಲೂ-ರೇ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲವಂತೆ, ನನ್ನ ಸರದಿ ಬರಲೇ ಇಲ್ಲ. ನನ್ನ ‘ಫಾರ್ ಬಿಯಾಂಡ್ ದಿ ಸ್ಟಾರ್ಸ್’ ಕಂತು ನೋಡಿದ್ದೀರಾ?”

ನೋಡಿದ್ದರು. 1998ರ ಆ ಕಂತನ್ನು ನಿರ್ದೇಶಿಸಿದ್ದು ಠಾಣೆಯ ಕಮಾಂಡರ್ ಸಿಸ್ಕೊ ಪಾತ್ರದ ಏವ್ರಿ ಬ್ರೂಕ್ಸ್ ಅವರೇ. ಅದರಲ್ಲಿ ಅವರು 1950ರ ದಶಕದ ನ್ಯೂಯಾರ್ಕಿನ ಕಪ್ಪು ಬರಹಗಾರ ಬೆನ್ನಿ ರಸೆಲ್. ಅವನು ಬರೆಯುವ ಕತೆ ಇದೇ ಠಾಣೆಯದು. ಅದರ ನಾಯಕ ಕಪ್ಪು ಮನುಷ್ಯ ಎಂಬ ಒಂದೇ ಕಾರಣಕ್ಕೆ ಅವನು ಕೆಲಸ ಮಾಡುವ ಪತ್ರಿಕೆಯ ಮಾಲೀಕ ಅಚ್ಚಾದ ಇಡೀ ಸಂಚಿಕೆಯನ್ನೇ ನಾಶಮಾಡಿಸುತ್ತಾನೆ, ಬೆನ್ನಿಯ ಕೆಲಸವೂ ಹೋಗುತ್ತದೆ. ಕತೆಯನ್ನು ನಾಶಮಾಡಬಹುದು, ಕಲ್ಪನೆಯನ್ನಲ್ಲ ಎಂದು ಕೂಗುತ್ತ, ಮುಖವೆಲ್ಲ ಕಣ್ಣೀರಾಗಿ ಬೆನ್ನಿ ನೆಲಕ್ಕೆ ಕುಸಿಯುತ್ತಾನೆ.

“ಆ ಮುಖವನ್ನು ಇವತ್ತಿಗೂ ಮಸುಕಾಗಿ ತೋರಿಸುತ್ತಿದ್ದಾರೆ,” ಎಂದಿತು ಠಾಣೆ. ಈ ಸಲ ದನಿಯಲ್ಲಿ ತಮಾಷೆಯಿರಲಿಲ್ಲ. “ನನ್ನ ಮಾಲೀಕರಿಗೆ, ಪ್ಯಾರಾಮೌಂಟ್‌ಗೆ, ಬಡತನವಾ?”

ಈ ಸರಣಿಯ ಬಗ್ಗೆ ಅಭಿಮಾನಿಗಳು ಚಂದಾ ಎತ್ತಿ ಮಾಡಿಸಿದ ‘ವಾಟ್ ವಿ ಲೆಫ್ಟ್ ಬಿಹೈಂಡ್’ ಸಾಕ್ಷ್ಯಚಿತ್ರಕ್ಕಾಗಿ ಕೆಲವು ದೃಶ್ಯಗಳನ್ನು ಮೂಲ ಫಿಲ್ಮಿನಿಂದ ಮತ್ತೆ ಸ್ಕ್ಯಾನ್ ಮಾಡಿದ್ದರು. 2019ರಲ್ಲಿ ಅದನ್ನು ಕಂಡವರಿಗೆ ಫಿಲ್ಮಿನಲ್ಲಿ ಏನೇನು ಅಡಗಿದೆ ಎಂಬುದು ಗೊತ್ತಾಯಿತು. ಏಳು ಸೀಸನ್ನಿನ ಉಳಿದ ದೃಶ್ಯಗಳ ಖರ್ಚನ್ನೂ ಅಭಿಮಾನಿಗಳ ಜೋಳಿಗೆಗೆ ಬಿಡದೆ ಪ್ಯಾರಾಮೌಂಟ್ ತಾನೇ ಹೊರಬೇಕು.