ತಾಳಕ್ಕೆ ಸರಿಯಾಗಿ ಸಾಯಿರಿ

(2008. ನಿಂಟೆಂಡೊ ಡಿಎಸ್ ಪರದೆ. ‘ಸ್ಪೇಸ್ ಇನ್ವೇಡರ್ಸ್ ಎಕ್ಸ್‌ಟ್ರೀಮ್’ ಆಟದ ಇಬ್ಬರು ಅನ್ಯಗ್ರಹವಾಸಿಗಳು. ಅಣ್ಣ ಮೇಲಿನ ಸಾಲಿನವ; ಬದುಕು ಸ್ವಲ್ಪ ಉದ್ದ.)

ತಮ್ಮ: ಅಣ್ಣಾ, ನಮ್ಮನ್ನು ಕೊಲ್ಲುವವರು ಏನಂತಾರೆ?

ಅಣ್ಣ: ಒಬ್ಬ, ‘ಬಣ್ಣ ಜಾಸ್ತಿ, ಹಳೇ ಸೊಗಸಿಲ್ಲ’ ಅಂತಾನೆ. ಇನ್ನೊಬ್ಬ, ‘ಹಳೇದೇ, ಬಣ್ಣ ಬಳಿದಿದ್ದಾರೆ’ ಅಂತಾನೆ.

ತಮ್ಮ: ಆಡೋದು ಬಿಟ್ಟರಾ?

ಅಣ್ಣ: ಎಲ್ಲಿ ಬಿಡ್ತಾರೆ! ಬ್ಯಾಟರಿ ಸಾಯಬೇಕು, ಇಲ್ಲ ನಾವು.

ತಮ್ಮ: 1978ರ ಮೂಲ ಆಟವೇ ಚೆನ್ನಾಗಿತ್ತಂತಲ್ಲ?

ಅಣ್ಣ: ಆಗ ನಾವು 55 ಜನ. ಅಷ್ಟೂ ಜನರನ್ನು ಹೊತ್ತು ಪ್ರೊಸೆಸರಿಗೆ ಏದುಸಿರು. ಸತ್ತಷ್ಟೂ ಹೊರೆ ಇಳಿದು ಉಳಿದವರ ಓಟ ಜೋರು. ಆಟ ರೂಪಿಸಿದ ನಿಶಿಕಾಡೊ ಅದನ್ನು ಹಾಗೇ ಬಿಟ್ಟರು. ಯಂತ್ರದ ಸುಸ್ತೇ ಆಟದ ಸೊಗಸಾಯ್ತು.

ತಮ್ಮ: ಈಗ?

ಅಣ್ಣ: ಈಗ ಸಂಗೀತ. ಸಾಯೋದೂ ತಾಳಕ್ಕೆ ಸರಿಯಾಗಿ.

ತಮ್ಮ: ಅಣ್ಣಾ, ಗುಂಡು ಬಂತು!

ಅಣ್ಣ: ತಡಿಯೋ, ಇನ್ನೂ ಸಮ ಬಂದಿಲ್ಲ.