ಐದನೇ ನಂಬರ್ ಬೀಚು

ಟ್ರಾವೆಲ್ ಏಜೆಂಟು ಕೊಡುವ ಅಂಡಮಾನ್ ಪಟ್ಟಿಯಲ್ಲಿ ಮೊದಲ ದಿನಗಳೆಲ್ಲ ಗಿಜಿಗುಡುತ್ತಿರುತ್ತವೆ. ಸೆಲ್ಯುಲಾರ್ ಜೈಲು, ರಾಸ್ ದ್ವೀಪ, ದೋಣಿ, ಮತ್ತೊಂದು ದೋಣಿ. ಕೊನೆಯ ದಿನಗಳ ಎದುರಿಗೆ ಮಾತ್ರ ‘ಲೀಷರ್ ಡೇ’ ಎಂದು ಎರಡೇ ಪದ. ಅಂದರೆ ಬೆಳಗಿನ ತಿಂಡಿ ಹೋಟೆಲಿನವರದು, ಮಿಕ್ಕದ್ದು ನಿಮ್ಮ ಹಣೆಬರಹ. ಮಕ್ಕಳಿಲ್ಲದವರು ಇದನ್ನೋದಿ ತೆಂಗಿನಮರಕ್ಕೆ ಕಟ್ಟಿದ ತೂಗುಮಂಚವನ್ನು ನೆನೆದು ಹಿಗ್ಗಬಹುದು. ನಾಲ್ಕು ವರ್ಷದ ಮಗ, ಏಳು ವರ್ಷದ ಮಗಳು, ಎಪ್ಪತ್ತು ದಾಟಿದ ಅತ್ತೆ ಇಷ್ಟೂ ಜನರನ್ನು ಕಟ್ಟಿಕೊಂಡು ಹೋದವಳಿಗೆ ಹೊಳೆಯುವ ಪ್ರಶ್ನೆ ಒಂದೇ: ಬೆಳಿಗ್ಗೆ ಐದೂವರೆಯಿಂದ ತಿಂಡಿಯ ಹೊತ್ತಿನವರೆಗೆ ಇವರನ್ನು ಏನು ಮಾಡುವುದು?

ಐದೂವರೆ ಯಾಕೆಂದರೆ ಅದು ಸೂರ್ಯನ ಕಿತಾಪತಿ. ನಮ್ಮ ದೇಶದ ಗಡಿಯಾರ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಮಾತು ಕೇಳುತ್ತದೆ. ಬೆಂಗಳೂರಿರುವುದು 77.6ರಲ್ಲಿ, ಅಂಡಮಾನ್ 93ರ ಆಸುಪಾಸಿನಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದ ಹಾಗೆ ಲೆಕ್ಕ ಹಾಕಿದರೆ ನಮಗಿಂತ ಸುಮಾರು ಒಂದು ಗಂಟೆ ಮೊದಲೇ ಅಲ್ಲಿ ಬೆಳಗಾಗುತ್ತದೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಡಿಸೆಂಬರಿನಲ್ಲಂತೂ ಸಂಜೆ ಐದು ದಾಟಿತೋ ಇಲ್ಲವೋ, ಸೂರ್ಯ ಷಟರ್ ಎಳೆದುಕೊಂಡು ಹೊರಟೇಬಿಡುತ್ತಾನೆ. ಹಾಗಾದರೆ ಮಕ್ಕಳು ಬೇಗ ಮಲಗುತ್ತಾರೆ ಅಂದುಕೊಂಡಿರಾ? ಏಳುವುದಕ್ಕೆ ಅಂಡಮಾನಿನ ಸೂರ್ಯ, ಮಲಗುವುದಕ್ಕೆ ಬೆಂಗಳೂರಿನ ಗಡಿಯಾರ. ಯಾವ ಕಾರ್ಮಿಕ ಸಂಘವೂ ಮಾಲೀಕರಿಂದ ಇಷ್ಟು ಒಳ್ಳೆಯ ಒಪ್ಪಂದ ಗಿಟ್ಟಿಸಿಕೊಂಡಿರಲಾರದು.

ನಾವು ಇಳಿದುಕೊಂಡಿದ್ದದ್ದು ಹ್ಯಾವ್‌ಲಾಕಿನಲ್ಲಿ. 2018ರ ಡಿಸೆಂಬರಿನಿಂದ ಅದು ಸ್ವರಾಜ್ ದ್ವೀಪ. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ. ಆಟೋದವರ ಬಾಯಲ್ಲಿ ಎರಡೂ ಇನ್ನೂ ಹಳೆಯ ಹೆಸರೇ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು ಕರೆತಂದು ನೆಲೆಗೊಳಿಸಿದ ದ್ವೀಪವಿದು. ಅವರ ಹಳ್ಳಿಗಳಿಗೆ ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ, ವಿಜಯನಗರ ಎಂದು ಹೆಸರು. ಕಡಲತೀರಗಳಿಗೆ ಮಾತ್ರ ಬರೀ ನಂಬರು. ಗೋವಿಂದನಗರದ್ದು ಮೂರು, ರಾಧಾನಗರದ್ದು ಏಳು, ನಮ್ಮ ಹೋಟೆಲಿನ ಹಿಂದಿನ ವಿಜಯನಗರದ್ದು ಐದು. ಬೋರ್ಡು ಓದಿದ ಅತ್ತೆ ತಮ್ಮ ಮಗನ ಕಡೆ ತಿರುಗಿ, “ವಿಜಯನಗರಕ್ಕೆ ಬರೋದಕ್ಕೆ ವಿಮಾನ ಒಂದು, ಹಡಗು ಒಂದು ಬೇಕಾಯ್ತೇನೋ? ಮನೆ ಹತ್ರಾನೇ ಮೆಟ್ರೋ ಹತ್ತಿದ್ರೆ ಆಗ್ತಿತ್ತಲ್ಲೋ” ಅಂದರು. ನಮ್ಮವರು ಮೂರು ವರ್ಷದಿಂದ ಕೂಡಿಟ್ಟ ಎಲ್‌ಟಿಎ ಆ ಒಂದೇ ಮಾತಿಗೆ ನೀರಿಗೆ ಬಿತ್ತು.

ರಜೆ ಮುಗಿಯುತ್ತ ಬಂದ ಹಾಗೆ ದೊಡ್ಡವರಿಗೆಲ್ಲ ಒಂದೊಂದು ಕಾಯಿಲೆ ಅಂಟಿಕೊಳ್ಳುತ್ತದೆ. ನಮ್ಮವರದು ವಸೂಲಿ ಕಾಯಿಲೆ. ಕೊಟ್ಟ ದುಡ್ಡಿಗೆ ಇನ್ನೂ ನೋಡದೆ ಉಳಿದದ್ದೇನು ಎಂದು ಮೊಬೈಲಿನಲ್ಲಿ ಟಿಕ್ ಹಾಕುತ್ತ ಕೂರುತ್ತಾರೆ. ರಾಧಾನಗರ ಬೀಚನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಅತ್ಯುತ್ತಮ ಎಂದು ಕರೆದಿತ್ತು ಅನ್ನುವುದನ್ನು ಅವರು ಮಕ್ಕಳಿಗೆ ಎಷ್ಟು ಸಲ ಹೇಳಿದರೆಂದರೆ, ಚಿಕ್ಕವನು ಅಲ್ಲಿ ಕಾಲಿಟ್ಟ ಕೂಡಲೇ “ಟೈಮ್ ಎಲ್ಲಿದೆ?” ಎಂದು ಹುಡುಕತೊಡಗಿದ. ಎಲಿಫೆಂಟ್ ಬೀಚಿನಲ್ಲಿ ಇನ್ನೂ ಪಜೀತಿ. ಹೆಸರಿನಲ್ಲೇ ಆನೆ ಇಟ್ಟುಕೊಂಡು ಒಂದೂ ಆನೆ ಇಲ್ಲದ ಜಾಗಕ್ಕೆ ಮಕ್ಕಳನ್ನು ಕರೆದೊಯ್ಯುವವರಿಗೆ ಎಂಟೆದೆ ಬೇಕು. ಹಿಂದೆ ಮರದ ದಿಮ್ಮಿ ಎಳೆಸಲು ತಂದ ಆನೆಗಳು ಈ ದ್ವೀಪಗಳ ನಡುವೆ ಸಮುದ್ರದಲ್ಲೇ ಈಜಿ ದಾಟುತ್ತಿದ್ದವು, ಕೊನೆಗೆ ಉಳಿದಿದ್ದ ರಾಜನ್ ಎಂಬ ಆನೆ 2016ರಲ್ಲಿ ತೀರಿಕೊಂಡಿತು ಎಂದು ಅವರು ವಿವರಿಸಿದರು. ಎಲ್ಲ ಕೇಳಿಸಿಕೊಂಡ ಮಗಳು, “ಅದು ಸತ್ತಿದ್ದು ಗೊತ್ತಿದ್ದೂ ಯಾಕೆ ಟಿಕೆಟ್ ತಗೊಂಡ್ರಿ ಅಪ್ಪಾ?” ಎಂದಳು. ನನಗೆ ಆ ಪ್ರಶ್ನೆಯಲ್ಲಿ ಯಾವ ತಪ್ಪೂ ಕಾಣಲಿಲ್ಲ.

ನನ್ನದು ಒದ್ದೆ ಬಟ್ಟೆಯ ಕಾಯಿಲೆ. ಕಡಲ ಬದಿಯ ಗಾಳಿಯಲ್ಲಿ ಈಜುಡುಗೆ ಒಣಗುವುದಿಲ್ಲ, ಒಣಗದ್ದನ್ನು ಪ್ಯಾಕ್ ಮಾಡುವಂತಿಲ್ಲ, ಪ್ಯಾಕ್ ಮಾಡಿಟ್ಟದ್ದನ್ನು ಮಕ್ಕಳು ಬಿಡುವುದಿಲ್ಲ. ದೇಹ ಕಡಲ ದಂಡೆಯಲ್ಲಿರುತ್ತದೆ, ಮನಸ್ಸು ಎರಡು ದಿನ ಮೊದಲೇ ಮನೆ ಸೇರಿ ಹಾಲಿನವನಿಗೆ ಫೋನ್ ಮಾಡುತ್ತಿರುತ್ತದೆ. ಅತ್ತೆಗಂತೂ ಕ್ಯಾಲೆಂಡರೇ ಬೇಡ. ಚಟ್ನಿಪುಡಿ ಡಬ್ಬಿಯ ತಳ ಕಂಡಿತೆಂದರೆ ಪ್ರವಾಸ ಮುಗಿಯಿತೆಂದೇ ಅರ್ಥ. ಬಂಗಾಳಿ ಅಡುಗೆಯವನು ಪ್ರೀತಿಯಿಂದ ಮಾಡಿಕೊಟ್ಟ ಆಲೂ ಪಲ್ಯವನ್ನು ಅವರು ಮೂಸಿ ನೋಡಿ, “ಪಕ್ಕದ ಒಲೆ ಮೇಲೆ ಮೀನಿತ್ತು” ಎಂದು ತೀರ್ಪು ಕೊಡುವ ರೀತಿಗೆ ವಿಧಿವಿಜ್ಞಾನ ಪ್ರಯೋಗಾಲಯದವರೂ ತಲೆಬಾಗಬೇಕು.

ಇತ್ತ ಮಕ್ಕಳ ಕಥೆಯೇ ಬೇರೆ. ನಾವು ಗಂಟುಮೂಟೆ ಕಟ್ಟುವ ಹೊತ್ತಿಗೆ ಅವರ ಪ್ರವಾಸ ಶುರುವಾಗಿರುತ್ತದೆ. ಮೊದಲೆರಡು ದಿನ ಇದೇ ಮಕ್ಕಳು ಹಡಗಿನಲ್ಲಿ ವಾಂತಿ ಮಾಡಿದ್ದರು, ಅಲೆ ಕಂಡು ಕಿರುಚಿದ್ದರು, ವೈಫೈ ಇಲ್ಲವೆಂದು ಮುನಿಸಿಕೊಂಡಿದ್ದರು. ಈಗ ನೋಡಿದರೆ ಇಡೀ ಐದನೇ ನಂಬರ್ ಬೀಚು ಅವರ ಹೆಸರಿಗೆ ಖಾತೆಯಾಗಿದೆ. ಯಾವ ನಾಯಿ ಎಷ್ಟು ಹೊತ್ತಿಗೆ ಬರುತ್ತದೆ, ಎಳನೀರಿನವನ ಮೊಮ್ಮಗಳ ಹೆಸರೇನು, ನೀರು ಹಿಂದೆ ಸರಿದಾಗ ಯಾವ ಬಂಡೆಯ ಗುಂಡಿಯಲ್ಲಿ ಮೀನಿನ ಮರಿ ಉಳಿಯುತ್ತದೆ, ಎಲ್ಲ ಬಾಯಿಪಾಠ. ಚಿಕ್ಕವನು ಮರಳಿನಲ್ಲಿ ಒಂದು ಗುಂಡಿ ತೋಡಿದ್ದ. ಅಷ್ಟೇ, ಒಂದು ಗುಂಡಿ. ಏಷ್ಯಾದ ಅತ್ಯುತ್ತಮ ಬೀಚಿಗೂ ಬಾರದ ಮರ್ಯಾದೆ ಅದಕ್ಕೆ. ಭರತ ಬಂದು ಮುಚ್ಚಿಹೋದಾಗಲೆಲ್ಲ “ಯಾರೋ ನನ್ ಗುಂಡಿ ಮುಚ್ಚಿದಾರೆ!” ಎಂದು ದೂರು. ನಮ್ಮವರು ನಿಂಬೆಹಣ್ಣು, ಚೆಂಡು ಇಟ್ಟುಕೊಂಡು ಚಂದ್ರನ ಸೆಳೆತಕ್ಕೆ ದಿನಕ್ಕೆರಡು ಸಲ ನೀರೇರುತ್ತದೆ, ಮರುದಿನ ಅದೇ ಭರತ ಮುಕ್ಕಾಲು ಗಂಟೆಗೂ ಸ್ವಲ್ಪ ಹೆಚ್ಚೇ ತಡವಾಗಿ ಬರುತ್ತದೆ ಎಂದೆಲ್ಲ ಪಾಠ ಮಾಡಿದರು. ಫಲ ಇಷ್ಟು: ಅಂದಿನಿಂದ ಮಗನಿಗೆ ಚಂದಮಾಮನನ್ನು ಕಂಡರೆ ಆಗುವುದಿಲ್ಲ. ತುತ್ತಿಡುವಾಗ ನಾನು ಬೇರೆ ಯಾರನ್ನಾದರೂ ತೋರಿಸಬೇಕು.

ಮಗಳದು ಚಿಪ್ಪಿನ ಕಾರುಬಾರು. ಅದರಲ್ಲೊಂದು ಚಿಪ್ಪು ಅವಳ ಅಂಗೈ ಮೇಲೆಯೇ ನಡೆದು ಹೋಯಿತು. ಒಳಗಿದ್ದದ್ದು ಸನ್ಯಾಸಿ ಏಡಿ. ಇದಕ್ಕೆ ಹಿಂಭಾಗ ಮೆತ್ತಗೆ, ಸ್ವಂತ ಚಿಪ್ಪಿಲ್ಲ. ಸತ್ತ ಶಂಖದ ಹುಳುವಿನ ಖಾಲಿ ಚಿಪ್ಪು ಹುಡುಕಿ ಸೇರಿಕೊಳ್ಳುತ್ತದೆ. ಮೈ ಬೆಳೆದಂತೆ ಅದು ಸಾಲದಾಗಿ ದೊಡ್ಡದಕ್ಕೆ ಹೋಗುತ್ತದೆ. ಒಂದು ಒಳ್ಳೆಯ ಚಿಪ್ಪು ಖಾಲಿಯಾದರೆ ಏಡಿಗಳು ದೊಡ್ಡದರ ಹಿಂದೆ ಚಿಕ್ಕದು ಎಂದು ಸಾಲಾಗಿ ನಿಂತು, ಮುಂದಿನದು ಬಿಟ್ಟದ್ದಕ್ಕೆ ಹಿಂದಿನದು ನುಗ್ಗುವುದೂ ಉಂಟು. ಪಕ್ಕಾ ಬೆಂಗಳೂರಿನ ಬಾಡಿಗೆದಾರರು! ಒಂದೇ ವ್ಯತ್ಯಾಸ, ಇಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ, ಬಿಡುವಾಗ ಪೇಂಟಿಂಗ್ ದುಡ್ಡು ಮುರಿದುಕೊಳ್ಳುವ ಓನರೂ ಇಲ್ಲ. “ಖಾಲಿ ಚಿಪ್ಪು ನಾವು ತಗೊಂಡು ಹೋದ್ರೆ ಪಾಪ ಅವು ಎಲ್ಲಿರಬೇಕು?” ಎಂದು ಅತ್ತೆ ಮೊಮ್ಮಗಳಿಗೆ ಕಣ್ಣಲ್ಲಿ ನೀರು ಬರುವ ಹಾಗೆ ಬೋಧಿಸಿದರು. ನಮ್ಮವರು ಅದಕ್ಕೆ ಕಾನೂನಿನ ಒಗ್ಗರಣೆ ಹಾಕಿದರು: ದಂಡೆಯಿಂದ ಹವಳ, ಚಿಪ್ಪು ಒಯ್ಯುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ವಿಮಾನ ನಿಲ್ದಾಣದಲ್ಲಿ ಬ್ಯಾಗು ಶೋಧಿಸುತ್ತಾರೆ, ಬೇಕಾದರೆ ಪೋರ್ಟ್ ಬ್ಲೇರಿನ ಸರ್ಕಾರಿ ಸಾಗರಿಕಾ ಮಳಿಗೆಯಲ್ಲಿ ಬಿಲ್ ಸಮೇತ ಕೊಳ್ಳಬೇಕು. ಹೆಕ್ಕಿದರೆ ಅಪರಾಧ, ಕೊಂಡರೆ ಉಡುಗೊರೆ ಎಂಬ ಈ ಸೂಕ್ಷ್ಮ ಮಗಳ ತಲೆಗೆ ಹತ್ತಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅರ್ಧ ಹತ್ತಿದೆ.

ಹೊರಡುವ ಬೆಳಿಗ್ಗೆ ಜಪ್ತಿ ಕಾರ್ಯಾಚರಣೆ ನಡೆಯಿತು. ಮಗಳ ಟೋಪಿ, ಮಗನ ಚಡ್ಡಿ ಜೇಬು, ನೀರಿನ ಬಾಟಲಿ, ಬಣ್ಣದ ಪೆನ್ಸಿಲ್ ಡಬ್ಬಿ ಎಲ್ಲ ಕಡೆಯಿಂದಲೂ ಹವಳದ ಚೂರು ಉದುರಿದವು. ಇಬ್ಬರನ್ನೂ ದಂಡೆಗೆ ನಡೆಸಿಕೊಂಡು ಹೋಗಿ ಸುರಿಸಿದ್ದಾಯಿತು. ಮಗ ಗುಂಡಿಯನ್ನು ಕೂಡ ಬ್ಯಾಗಿಗೆ ಹಾಕಿ ಎಂದು ಹಟ ಹಿಡಿದ. ಅದನ್ನು ಹೇಗೆ ಹಾಕುವುದು ಎಂಬ ಚರ್ಚೆಯಲ್ಲಿ ಜೆಟ್ಟಿಗೆ ಹೋಗುವ ಆಟೋದವನೂ ಸೇರಿಕೊಂಡ. ಹಡಗಿನ ಪಯಣದ ಬಗ್ಗೆ ಹೇಳುವಂಥದ್ದೇನಿಲ್ಲ. ವಾಂತಿ ಮಾತ್ರೆ ಕೆಲಸ ಮಾಡಿತು, ನಮ್ಮವರೊಬ್ಬರನ್ನು ಬಿಟ್ಟು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಕ್ಕಳ ಬ್ಯಾಗುಗಳು ಸಲೀಸಾಗಿ ದಾಟಿದವು. ನನ್ನದೂ ದಾಟಿತು, ಒದ್ದೆ ಬಟ್ಟೆಯ ವಾಸನೆಗೆ ಹೆದರಿಯೋ ಏನೋ. ಯಂತ್ರ ನಿಂತದ್ದು ಅತ್ತೆಯ ಎಲೆ ಅಡಿಕೆ ಚೀಲದ ಮುಂದೆ. ಅಧಿಕಾರಿ “ಮಾತಾಜಿ, ಯೇ ಕ್ಯಾ ಹೈ?” ಎಂದು ಕೈ ಹಾಕಿ ತೆಗೆದರೆ, ಸುಣ್ಣದ ಡಬ್ಬಿಯ ಪಕ್ಕದಲ್ಲಿ ಕರವಸ್ತ್ರದಲ್ಲಿ ಸುತ್ತಿದ, ನಿಂಬೆಹಣ್ಣಿನ ಗಾತ್ರದ ಚಂದದ ಶಂಖ!

ಅತ್ತೆ ಒಂದಿಷ್ಟೂ ಅಳುಕಲಿಲ್ಲ. “ಅದು ದೇವರ ಸಾಮಾನಪ್ಪಾ, ದೇವರ ಮನೇಲಿಡೋದಕ್ಕೆ” ಎಂದು ಅಚ್ಚಕನ್ನಡದಲ್ಲಿ ಹೇಳಿದರು. ನಮ್ಮವರು ಅದನ್ನು ಹಿಂದಿಗೆ ತಿರುಗಿಸುವ ಗೋಜಿಗೆ ಹೋಗದೆ ಚಾವಣಿ ನೋಡತೊಡಗಿದರು.

“ಅಜ್ಜೀ, ಏಡಿ ಎಲ್ಲಿರಬೇಕು?” ಎಂದು ಮಗಳು ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದಳು.

“ಒಂದು ಏಡಿಗೆ ಎಷ್ಟು ಮನೆ ಬೇಕೇ?” ಎಂದರು ಅತ್ತೆ.

ಅಧಿಕಾರಿ ನಗು ತಡೆದುಕೊಂಡು ಶಂಖವನ್ನು ಪಕ್ಕದ ಪೆಟ್ಟಿಗೆಗೆ ಹಾಕಿದರು. ಅದರೊಳಗೆ ಆಗಲೇ ಎಷ್ಟೋ ಅಜ್ಜಿಯರ ದೇವರ ಸಾಮಾನು ತುಂಬಿತ್ತು. ಚೀಲದ ದಾರ ಬಿಗಿದುಕೊಂಡು ಹೊರಟ ಅತ್ತೆ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು, ತಮಗೆ ಗೊತ್ತಿದ್ದಷ್ಟೂ ಹಿಂದಿಯನ್ನು ಒಟ್ಟುಗೂಡಿಸಿ ಅಪ್ಪಣೆ ಕೊಟ್ಟರು: “ಪಾಂಚ್ ನಂಬರ್ ಬೀಚ್ ಮೇ ಹೀ ಡಾಲ್ನಾ. ಸಾತ್ ನಂಬರ್ ಮೇ ನಹೀಂ.”