ಪೆಟ್ರೋಲ್ ನಿರ್ಣಯಸಿಂಧು

ಅಥ ಇಂಧನವಿಚಾರಃ. ಐವತ್ತು ಲಕ್ಷದ ಕಾರು ಬಂಕಿಗೆ ಬಂದು ನಿಂತಾಗ ಪೈಪು ಹಿಡಿದ ಹುಡುಗ ಕೇಳುವ ‘ಸಾರ್, ನಾರ್ಮಲ್ಲಾ, ಪವರ್ರಾ?’ ಎಂಬ ಪ್ರಶ್ನೆಗೆ ಈವರೆಗೆ ಶಾಸ್ತ್ರೋಕ್ತ ಉತ್ತರ ಸಿಕ್ಕಿಲ್ಲ. ಮಾಲೀಕರು ಡ್ರೈವರನ ಮುಖ ನೋಡುತ್ತಾರೆ, ಡ್ರೈವರ್ ಮೀಟರಿನ ಸೊನ್ನೆ ನೋಡುತ್ತಾನೆ. ಈ ಕೊರತೆ ನೀಗಲೆಂದೇ ಪ್ರಸ್ತುತ ಗ್ರಂಥ.

ಧರ್ಮವನ್ನು ತಿಳಿಯಲು ಪೂರ್ವಿಕರು ಹೇಳಿದ ದಾರಿ ನಾಲ್ಕು: ಶ್ರುತಿ, ಸ್ಮೃತಿ, ಸದಾಚಾರ, ಆತ್ಮತುಷ್ಟಿ. ಪೆಟ್ರೋಲಿಗೂ ಇವೇ ಸಾಕು.

ಶ್ರುತಿ ಇರುವುದು ಟ್ಯಾಂಕಿನ ಮುಚ್ಚಳದ ಬಾಗಿಲ ಒಳಮೈಯಲ್ಲಿ, ಚೀಟಿಯ ರೂಪದಲ್ಲಿ. ಅದು ಅಪೌರುಷೇಯ, ಅಂಟಿಸಿದವರನ್ನು ಕಂಡವರಿಲ್ಲ. ಕೆಲವು ಕಾರುಗಳಲ್ಲಿ ಅಲ್ಲಿ ಆಕ್ಟೇನ್ 95 ಎಂಬ ಶಿಫಾರಸೂ ‘ಕನಿಷ್ಠ 91’ ಎಂಬ ಮಾತೂ ಒಟ್ಟಿಗೇ ಇರುತ್ತವೆ. ಮೀಮಾಂಸಕರು ಇಲ್ಲಿ ಜಾಗ್ರತೆಯಿಂದ ಓದಬೇಕು. ಕನಿಷ್ಠ ಎಂದದ್ದು ವಿಧಿ. ಅದಕ್ಕಿಂತ ಕೆಳಗಿಳಿದರೆ ಪಾಪ. ಶಿಫಾರಸು ಬರಿಯ ಅರ್ಥವಾದ, ಅಂದರೆ ಹೊಗಳಿಕೆ. ಬಿಎಸ್-6 ನಿಯಮದಂತೆ ನಮ್ಮ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಕನಿಷ್ಠ 91 ಇರಬೇಕಾದ್ದರಿಂದ ವಿಧಿ ಅಲ್ಲಿಗೇ ಪಾಲನೆಯಾಯಿತು. ಚೀಟಿಯಲ್ಲಿ ‘ಕನಿಷ್ಠ 95’ ಎಂದೇ ಇದ್ದರೆ ಬಾಯಿ ಮುಚ್ಚಿಕೊಂಡು 95ರ ಪವರ್ ಹಾಕಿಸುವುದು.

ಪೂರ್ವಪಕ್ಷಿ ಕೇಳುತ್ತಾನೆ: ‘ಆಕ್ಟೇನ್ ಜಾಸ್ತಿಯಾದರೆ ಶಕ್ತಿ ಜಾಸ್ತಿಯಲ್ಲವೇ? ದುಡ್ಡು ಜಾಸ್ತಿ ಕೊಟ್ಟಿದ್ದೇವಲ್ಲ?’ ಅಲ್ಲ. ಆಕ್ಟೇನ್ ಬಲವಲ್ಲ, ಸಂಯಮ. ಸಿಲಿಂಡರಿನಲ್ಲಿ ಒತ್ತಡ, ಕಾವು ಎಷ್ಟೇ ಏರಲಿ, ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆ ಬಂದು ಮುಟ್ಟುವವರೆಗೆ ತಾನಾಗಿ ಹೊತ್ತಿಕೊಳ್ಳದೆ ಕೂರುವ ಗುಣ. ಎಲೆಯ ಮುಂದೆ ಕೂತವರು ‘ಗೋವಿಂದಾ’ ಎನ್ನುವವರೆಗೆ ಅನ್ನ ಮುಟ್ಟದ ಹಾಗೆ. ಸಂಯಮವಿಲ್ಲದ್ದು ಎಂಜಿನ್ನಿನೊಳಗೆ ಟಕಟಕ ಬಡಿಯುತ್ತದೆ. 1926ರ ಸುಮಾರಿಗೆ ಅಮೆರಿಕದ ಗ್ರಹಾಂ ಎಡ್ಗರ್ ಎಂಬ ರಸಾಯನಋಷಿ ಐಸೋಆಕ್ಟೇನಿಗೆ 100, ಹೆಪ್ಟೇನಿಗೆ ಸೊನ್ನೆ ಅಂಕ ಕೊಟ್ಟು ಇದನ್ನು ಅಳೆಯುವ ದಾರಿ ತೋರಿದ. ಆ ಕಾಲದ ಹೆಪ್ಟೇನ್ ಜೆಫ್ರಿ ಪೈನ್ ಮರದ ರಾಳದಿಂದ ಇಳಿಸಿದ್ದು. ಮರದಿಂದ ಬಂದ ಬಡಪಾಯಿಗೆ ಸೊನ್ನೆ!

ಈಗಿನ ಕಾರುಗಳಲ್ಲಂತೂ ನಾಕ್ ಸೆನ್ಸರ್ ಎಂಬ ದ್ವಾರಪಾಲಕನಿದ್ದಾನೆ. ಬಡಿತ ಕಿವಿಗೆ ಬಿದ್ದೊಡನೆ ಅವನು ಕಂಪ್ಯೂಟರಿಗೆ ಚಾಡಿ ಹೇಳುತ್ತಾನೆ, ಅದು ಸ್ಪಾರ್ಕನ್ನು ತುಸು ತಡಮಾಡಿಸುತ್ತದೆ, ಶಕ್ತಿ ಒಂದಿಷ್ಟು ತಗ್ಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟು ಸಂಜೆ ಕಳೆಯುವವರು ಈ ನಷ್ಟಕ್ಕೆ ಮರುಗಿದ್ದನ್ನು ಗ್ರಂಥಕರ್ತ ಕಂಡಿಲ್ಲ. ಏಪ್ರಿಲ್ ಬಿಸಿಲಲ್ಲಿ ಟರ್ಬೊ ಕಾರು ತುಂಬ ನೆಂಟರನ್ನು ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುವವರದು ಬೇರೆ ಪ್ರಕರಣ. ಅವರಿಗೆ 95 ವಿಹಿತ.

ಸ್ಮೃತಿಯೆಂದರೆ ಕಾರಿನ ಕೈಪಿಡಿ. ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಮಲಗಿರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿನ ಚೀಟಿ ಉದುರಿಹೋಗಿದ್ದರೆ ಶ್ರುತಿಯ ಆ ಶಾಖೆ ಲುಪ್ತವಾಯಿತೆಂದು ತಿಳಿದು, ಸ್ಮೃತಿಯಿಂದ ಅದನ್ನು ಊಹಿಸುವುದು. ಅಮೆರಿಕದ ಭಾವನ ಮಾತು ಮಾತ್ರ ಪ್ರಮಾಣವಲ್ಲ. ‘ನಾವು 87ರಲ್ಲೇ ಓಡಿಸ್ತೀವಪ್ಪ’ ಎಂದು ಅವರು ಬೀಗುವ ಅಂಕಿ ಎರಡು ಬಗೆಯ ಅಳತೆಗಳ ಸರಾಸರಿ. ಹೆಚ್ಚುಕಡಿಮೆ ನಮ್ಮ 91 ಅದು.

ಸದಾಚಾರವೆಂದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪಕ್ಕದ ಕಾರಿನವರು ಹಾಕಿಸುವುದು. ಅವರು ನಮ್ಮನ್ನು ನೋಡಿ ಹಾಕಿಸುತ್ತಿರುವುದರಿಂದ ಇದನ್ನು ಬೆಳೆಸುವುದಿಲ್ಲ.

ಆತ್ಮತುಷ್ಟಿಯೇ ಪ್ರಬಲ, ಮಿಕ್ಕ ಮೂರನ್ನೂ ಅದು ನುಂಗಿ ನೀರು ಕುಡಿಯುತ್ತದೆ. 2020ರಲ್ಲಿ ಇಂಡಿಯನ್ ಆಯಿಲ್ 100 ಆಕ್ಟೇನಿನ ಪೆಟ್ರೋಲನ್ನು ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿಗೆ ತಂದದ್ದು ಈ ಪ್ರಮಾಣದ ಬಲ ಬಲ್ಲವರ ಕೆಲಸ. ಹುಡುಗ ‘ಪವರ್ ಹಾಕೋ’ ಎಂದು ಕೂಗಿದಾಗ ಸಾಲಿನಲ್ಲಿದ್ದ ಸ್ಕೂಟರಿನವರು ಕತ್ತು ಹೊರಳಿಸುತ್ತಾರಲ್ಲ, ಆ ಕ್ಷಣದ ಆಕ್ಟೇನನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ. ಬಿಲ್ಲು ಕಂಪನಿಯ ಕಾರ್ಡಿಗೆ ಹೋಗುವ ಪಕ್ಷದಲ್ಲಿ ಈ ತುಷ್ಟಿ ಇಮ್ಮಡಿಸುತ್ತದೆ. ಸ್ವಂತ ಜೇಬಾದರೆ ಅದೇ ಮಾಲೀಕರಿಗೆ ವಿಧಿವಾಕ್ಯ ತಟ್ಟನೆ ನೆನಪಾಗುತ್ತದೆ.

ಡೀಸೆಲ್ ಕಾರಿನವರಿಗೆ ಈ ಗ್ರಂಥದ ಅಧ್ಯಯನಕ್ಕೆ ಅಧಿಕಾರವಿಲ್ಲ. ಕಾರನ್ನು ಚಾರ್ಜಿಗೆ ಹಾಕುವವರು ನಾಸ್ತಿಕರು. ಅವರೊಡನೆ ವಾದ ನಿಷಿದ್ಧ.